ಮುಂಬಯಿಯ ಗುಡ್ಡಗಳಲ್ಲಿ ಮೇವು ಮತ್ತು ಬಿಡುವು

1838ರ ಸುಮಾರಿನಲ್ಲಿ ಮುಂಬಯಿಯ ಆಂಗ್ಲ ಆಡಳಿತವು ದನ ಮೇಯಿಸುವವರಿಂದ ಶುಲ್ಕವನ್ನು ವಸೂಲು ಮಾಡತೊಡಗಿದಾಗ, ಅದನ್ನು ತೆರಲಾರದ ಬಡ ಗೋಪಾಲಕರ ಸಲುವಾಗಿ ಸರ್ ಜಮ್‌ಶೇಟ್‌ಜಿ ಜೀಜೀಭಾಯಿಯವರು 20,000 ರೂಪಾಯಿಗಳನ್ನು ವ್ಯಯಿಸಿ ಠಾಕುರದ್ವಾರದ ಸಮೀಪದ ಕಡಲ ತಡಿಯ ಹುಲ್ಲುಗಾವಲನ್ನು ಕೊಂಡು ಅವರ ದನಗಳಿಗೆ ಬಿಟ್ಟುಕೊಟ್ಟರೆಂದು ನಗರದ ಇತಿಹಾಸದಲ್ಲಿ ಹೇಳಿಕೆಯುಂಟು. ಇಂದು ಚರ್ನಿ ರೋಡ್ ನಿಲ್ದಾಣವಿರುವ ಪರಿಸರವೇ ಅದು. ಮುಂದೆ 1850ರ ದಶಕದಲ್ಲಿ ನೀರಿನ ಬರವು ನಗರವನ್ನು ಕಾಡಿದಾಗ ದನಕರುಗಳನ್ನು ಮಾಹಿಮಿನ ಕಡೆಗೆ ಸಾಗಹಾಕಲಾಯಿತು. ಅದಾದ ಸುಮಾರು ನೂರು ವರ್ಷಗಳಿಗೆ, 1949ರಲ್ಲಿ, ಗಲ್ಲಿಗಲ್ಲಿಗಳಲ್ಲಿ ಚದುರಿದ್ದ ತಬೇಲಾಗಳೆಂಬ ಕೊಟ್ಟಿಗೆಗಳ ಎಮ್ಮೆಗಳನ್ನು ಗೋರೆಗಾಂವಿನ ಪೂರ್ವದ ಗುಡ್ಡಗಳ ನಡುವೆ ನೆಲೆಗೊಳಿಸುವ ಉದ್ದೇಶದಿಂದ ಆರೇ ಹಾಲಿನ ಕಾಲನಿಯು ಸ್ಥಾಪಿತವಾಯಿತು. ಹೀಗೆ ನಗರವು ಬೆಳೆದಂತೆಲ್ಲ ದನದ ಬಾಯಿಯು ಉತ್ತರಾಭಿಮುಖವಾಗಿ ಸರಿಯುತ್ತ ಬಂದಿದೆ. ಹಾಲಿನ ಲೆಕ್ಕ, ನೀರಿನ ಲೆಕ್ಕ, ನೈರ್ಮಲ್ಯದ ಲೆಕ್ಕ ಇವೆಲ್ಲವನ್ನೂ ಜಾಗರೂಕತೆಯಿಂದ ಇಟ್ಟ ಈ ಮಹಾನಗರವು ಹುಲ್ಲಿನ ಲೆಕ್ಕವೊಂದನ್ನು ಮಾತ್ರ ಇಡಲಿಲ್ಲ.

ಆ ಲೆಕ್ಕವನ್ನು ಈಗಲಾದರೂ ತೆಗೆದು ನೋಡುವುದು ಅವಶ್ಯವೆಂದು ನಾನು ನಂಬಿದ್ದೇನೆ. ದನ ಮೇಯುವುದರಿಂದಲೇ ಕುರುಚಲು ಕಾಡು ಕೆಡುತ್ತದೆ, ಆದುದರಿಂದ ದನವನ್ನು ಹೊರಗಟ್ಟಿ ಬೇಲಿ ಹಾಕಿದರೆ ಕಾಡು ತಾನಾಗಿ ಮರಳುತ್ತದೆ ಎಂಬ ಮಾತು ಇಂದು ವಿದ್ಯಾವಂತರಲ್ಲಿ ಸರ್ವಸಮ್ಮತವೆಂಬಂತೆ ಹರಡಿದೆ. ಇದರಲ್ಲಿ ಸತ್ಯಾಂಶವಿದ್ದರೂ ಪೂರ್ಣ ಸತ್ಯವಿಲ್ಲ. ಯಾವ ವಾರಗಳಲ್ಲಿ ದನವು ಮೇಯ್ದಿತು, ಮೇಯ್ದ ಮೇಲೆ ಆ ನೆಲಕ್ಕೆ ಎಷ್ಟು ಕಾಲದ ಬಿಡುವು ದೊರೆಯಿತು, ಆ ಬಿಡುವನ್ನು ಯಾರು ಯಾರ ಹಿತಕ್ಕಾಗಿ ವಿಧಿಸಿದರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಹೊರತು ನೆಲದ ಅವನತಿಯ ವಿಚಾರವಾಗಲಿ, ಅದರ ಪುನರುಜ್ಜೀವನದ ವಿಚಾರವಾಗಲಿ ನಮಗೆ ಸ್ಪಷ್ಟವಾಗಲಾರದು.

ವರ್ಷಕ್ಕೆ 2,000 ಮಿಲಿಮೀಟರಿಗಿಂತಲೂ ಅಧಿಕ ಮಳೆ ಸುರಿಯುವ ಮುಂಬಯಿಯಲ್ಲಿ ಒಣ ಕುರುಚಲಿನ ಪ್ರಸ್ತಾಪವೇಕೆಂದು ಓದುಗರು ಕೇಳಬಹುದು. ಆದರೆ ಈ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ ಬಿದ್ದು ಮುಗಿಯುತ್ತದೆ. ಉಳಿದ ಎಂಟು ತಿಂಗಳುಗಳಲ್ಲಿ ಅಗ್ನಿಶಿಲೆಯ ಮೇಲೆ ತೆಳ್ಳಗೆ ಹಾಸಿದ ಮಣ್ಣು ಬಿಸಿಲಿಗೆ ಬಿರಿದು, ಏಪ್ರಿಲಿನ ಹೊತ್ತಿಗೆ ದಹಿಸರದಿಂದ ಮುಲುಂಡದವರೆಗಿನ ಬೋಳುಗುಡ್ಡಗಳು ನಮ್ಮ ಚಿತ್ರದುರ್ಗದ ಗುಡ್ಡಗಳಿಗಿಂತ ಬೇರೆಯಾಗಿ ಕಾಣುವುದಿಲ್ಲ. ಎಲ್ಲಿ ಮಣ್ಣು ಆಳವಾಗಿದೆಯೋ, ಎಲ್ಲಿ ಮನುಷ್ಯನ ಕೈಯೂ ದನದ ಬಾಯಿಯೂ ಬಹುಕಾಲ ತಡೆಯಲ್ಪಟ್ಟಿವೆಯೋ ಅಲ್ಲಿ ತೇಗ, ಮತ್ತಿ, ಮುತ್ತುಗ, ಬೂರುಗಗಳ ಎಲೆಯುದುರುವ ಕಾಡು ಇದೆ. ಎಲ್ಲಿ ಹಾಗಿಲ್ಲವೋ ಅಲ್ಲಿ ಇಲ್ಲಿಯವರು ಕರವಂದವೆಂದು ಕರೆಯುವ, ನಮ್ಮ ಬಯಲುಸೀಮೆಯವರು ಕವಳಿಯೆನ್ನುವ ಮುಳ್ಳುಕಂಟಿ, ಬೋರೆ, ಎಡಮುರಿ, ಕಳ್ಳಿ, ಇವುಗಳ ನಡುನಡುವೆ ಸವೆದ ಹುಲ್ಲು, ಎಲ್ಲೆಡೆಯೂ ಲಂಟಾನ.

ಈ ಎರಡು ಸ್ಥಿತಿಗಳ ಅಂತರವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1860ರಲ್ಲಿ ವಿಹಾರ ಸರೋವರವೂ 1879ರಲ್ಲಿ ತುಳಸಿ ಸರೋವರವೂ ನಗರದ ಕುಡಿಯುವ ನೀರಿಗಾಗಿ ನಿರ್ಮಿತವಾದವು. ಆ ಜಲಾನಯನದ ಇಳಿಜಾರುಗಳನ್ನು ನೀರಿನ ಶುದ್ಧತೆಯ ದೃಷ್ಟಿಯಿಂದ ಕಾಯ್ದಿರಿಸಲಾಯಿತು. ಇಂದು ಸುಮಾರು 104 ಚದರ ಕಿಲೋಮೀಟರುಗಳಷ್ಟು ವಿಸ್ತಾರವಾದ, ಹಿರಿಯರು ಈಗಲೂ ಬೋರಿವಲಿಯ ಉದ್ಯಾನವೆಂದೇ ಹೇಳುವ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅತ್ಯಂತ ದಟ್ಟವಾದ ಕಾಡು ಈ ಸರೋವರಗಳ ಸುತ್ತ ಉಳಿದಿರುವುದು ಆಕಸ್ಮಿಕವಲ್ಲ. ಮಳೆಯೂ ಶಿಲೆಯೂ ಒಂದೇ ಆಗಿದ್ದು, ಕೆಲವೇ ಮೈಲಿಗಳ ಅಂತರದಲ್ಲಿ ಒಂದು ಕಡೆ ಅರಣ್ಯವೂ ಮತ್ತೊಂದು ಕಡೆ ಕುರುಚಲೂ ಇರುವಾಗ, ವ್ಯತ್ಯಾಸಕ್ಕೆ ಕಾರಣವು ಪ್ರಕೃತಿಯಲ್ಲಿ ಅಲ್ಲದೆ ಬಳಕೆಯಲ್ಲಿದೆಯೆಂದು ಒಪ್ಪಲೇಬೇಕಾಗುತ್ತದೆ. ಆದರೂ ನ್ಯಾಯದ ದೃಷ್ಟಿಯಿಂದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ: ಹೊರಗಣ ಇಳಿಜಾರುಗಳು ಕೆಟ್ಟುದು ಮೇಯುವಿಕೆಯೊಂದರಿಂದಲೇ ಅಲ್ಲ. ಸೌದೆಗಾಗಿ ಮರ ಕಡಿದವರು, ಕಟ್ಟಡಗಳಿಗಾಗಿ ಕಲ್ಲು ಸಿಡಿಸಿದವರು, ಬೇಸಿಗೆಯಲ್ಲಿ ಬೆಂಕಿಯಿಟ್ಟವರು ಇವರೆಲ್ಲರ ಪಾಲೂ ಅದರಲ್ಲಿದೆ. ಕಲ್ಲಿನ ಗಣಿಯ ಒಡೆಯನನ್ನು ಕೇಳದೆ ಎಮ್ಮೆಯ ಯಜಮಾನನನ್ನೋ ವಾರಲಿ ಆದಿವಾಸಿಗಳ ಹಾಡಿಯಾದ ಪಾಡಾದಲ್ಲಿ ಆಡು ಕಾಯುವ ಹುಡುಗನನ್ನೋ ಮಾತ್ರ ಗದರಿಸುವುದು ನಮ್ಮ ಪರಿಸರ ಚರ್ಚೆಯ ಹಳೆಯ ದೌರ್ಬಲ್ಯ.

ಹಾಗಾದರೆ ದನವು ನಿಜವಾಗಿ ಮಾಡುವುದೇನು? ಹುಲ್ಲಿನ ಬೆಳೆಯುವ ಬಿಂದುವು ಬುಡದಲ್ಲಿ, ನೆಲಕ್ಕೆ ಹತ್ತಿಕೊಂಡು ಇರುತ್ತದೆ. ಆದುದರಿಂದ ತುದಿಯನ್ನು ಕಚ್ಚಿದರೆ ಹುಲ್ಲು ಸಾಯುವುದಿಲ್ಲ, ಬುಡದಿಂದ ಮತ್ತೆ ಮೇಲೇಳುತ್ತದೆ. ಮರದ ಸಸಿಯ ಸ್ಥಿತಿ ಹಾಗಲ್ಲ. ಅದರ ಬೆಳವಣಿಗೆಯೆಲ್ಲ ತುದಿಯ ಮೊಗ್ಗಿನಲ್ಲಿದೆ, ಆಡು ಮೊದಲು ಕಚ್ಚುವುದು ಅದನ್ನೇ. ಇಷ್ಟನ್ನು ನೋಡಿ ಹುಲ್ಲಿಗೆ ಮೇಯುವಿಕೆಯಿಂದ ಬಾಧೆಯಿಲ್ಲವೆಂದು ತೀರ್ಮಾನಿಸುವುದು ತಪ್ಪಾದೀತು. ಬಹುವಾರ್ಷಿಕ ಹುಲ್ಲು ಮಳೆಗಾಲದ ಕೊನೆಯಲ್ಲಿ ತಾನು ಗಳಿಸಿದ ಆಹಾರಾಂಶವನ್ನು ಬೇರಿಗೂ ಬುಡಕ್ಕೂ ಇಳಿಸಿ, ಎಂಟು ತಿಂಗಳ ಒಣಗಾಲವನ್ನು ಅದರ ಬಲದಿಂದಲೇ ದಾಟಿ, ಮೊದಲ ಮಳೆಗೆ ಅದೇ ದಾಸ್ತಾನಿನಿಂದ ಚಿಗುರುತ್ತದೆ. ಕಣಜದಲ್ಲಿ ಉಳಿದ ಕೊನೆಯ ಸೇರು ಭತ್ತವನ್ನು ಬಿತ್ತನೆಗೆ ತೆಗೆದ ರೈತನ ಮನೆಗೆ ಹೊಸ ಪೈರು ಬರುವವರೆಗೆ ಎಂತಹ ಸಂಕಟವೋ, ಜೂನಿನ ಎರಡು ಮೂರನೆಯ ವಾರದಲ್ಲಿ ಹುಲ್ಲಿನದು ಅಂತಹುದೇ ಸಂಕಟ: ಬೇರಿನ ಸಂಗ್ರಹವು ಬಹುಮಟ್ಟಿಗೆ ಖರ್ಚಾಗಿದೆ, ಎಲೆಯು ಇನ್ನೂ ಗಳಿಕೆಗೆ ತೊಡಗಿಲ್ಲ. ಎಂಟು ತಿಂಗಳು ಒಣ ಮೇವನ್ನು ಅಗಿದು ಬಳಲಿದ ದನವನ್ನು ಗುಡ್ಡಕ್ಕೆ ಬಿಡುವುದೂ ಆ ವಾರಗಳಲ್ಲಿಯೇ. ಒಮ್ಮೆ ಕಚ್ಚಿಸಿಕೊಂಡ ಬುಡವು ಮತ್ತೆ ಎಲೆಯೊಡೆಯುವುದರೊಳಗೆ ಎರಡನೆಯ, ಮೂರನೆಯ ಸಲ ಕಚ್ಚಲ್ಪಟ್ಟರೆ ಬೇರು ಬೆಳೆಯುವುದನ್ನು ನಿಲ್ಲಿಸುತ್ತದೆ. ಬೇರು ಮೊಟಕಾದ ಬುಡವು ಮುಂದಿನ ಬೇಸಿಗೆಯನ್ನು ದಾಟಲಾರದೆ ಒಣಗುತ್ತದೆ. ಡಿಸೆಂಬರಿನಲ್ಲಿ ಬೀಜವುದುರಿದ ಹುಲ್ಲನ್ನು ಹತ್ತು ದನಗಳು ಮೇಯ್ದರೂ ಆಗದ ಹಾನಿಯನ್ನು ಜೂನಿನಲ್ಲಿ ಎರಡು ದನಗಳು ಮಾಡಬಲ್ಲವು. ದನಗಳ ಸಂಖ್ಯೆಯನ್ನು ಮಾತ್ರ ಎಣಿಸಿ ಕಾಲವನ್ನು ಎಣಿಸದ ನಿಯಮಗಳು ನಿಷ್ಫಲವಾಗುವುದು ಈ ಕಾರಣದಿಂದ.

ಅನಂತರದ ಹಾನಿಯು ಮೊದಲಿನ ಹಾನಿಯ ಬೆನ್ನು ಹತ್ತಿ ಬರುತ್ತದೆ. ದನಕ್ಕೆ ರುಚಿಯುಂಟು, ರುಚಿಯಾದುದು ಮೊದಲು ಹೋಗುತ್ತದೆ. ಎತ್ತರದ ಬಹುವಾರ್ಷಿಕ ಹುಲ್ಲುಗಳ ಎಡೆಯಲ್ಲಿ ಬೇಗ ಬೀಜ ಕಟ್ಟಿ ಒಣಗುವ ಏಕವಾರ್ಷಿಕ ಹುಲ್ಲುಗಳೂ, ದನ ಮುಟ್ಟದ ತಗಚೆಯಂತಹ ಗಿಡಗಳೂ ಬರುತ್ತವೆ. ನಮ್ಮ ಚಳ್ಳಕೆರೆ, ಹಿರಿಯೂರು, ಪಾವಗಡಗಳ ಕಡೆ ತಂಗಡಿ, ಬಂದರೆ ಗಿಡಗಳು ಮೈಲಿಗಟ್ಟಲೆ ಹಬ್ಬಿರುವುದನ್ನು ನೋಡಿದವರು ಅದನ್ನು ಆ ಮಣ್ಣಿನ ಸಹಜ ಸಸ್ಯಸಂಪತ್ತೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ಬಹುಮಟ್ಟಿಗೆ ತಲೆಮಾರುಗಳ ಕಾಲ ದನವೂ ಕುರಿಯೂ ಮೇಯ್ದು ಬಿಟ್ಟ ಶೇಷ. ಗೊರಸಿನ ತುಳಿತಕ್ಕೆ ಒದ್ದೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಗುತ್ತದೆ. ಇಂಗದ ನೀರು ಹರಿಯುತ್ತದೆ, ಹರಿಯುವ ನೀರು ಮಣ್ಣನ್ನೂ ಬೀಜವನ್ನೂ ಒಯ್ಯುತ್ತದೆ. ಮುಂಬಯಿಯಂತಹ ಊರಿನಲ್ಲಿ ಒಂದೇ ದಿನದ ಮಳೆಯು ಇದನ್ನು ಎಷ್ಟು ದೂರ ಒಯ್ದೀತೆಂಬುದನ್ನು ಮಿಠಿ ನದಿಯ ಕೆಸರನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಹೊಸ ಚಿಗುರು ಬರಲೆಂದು ಒಣ ಹುಲ್ಲಿಗೆ ಬೆಂಕಿಯಿಡುವ ಪದ್ಧತಿಯು ಈ ಸರಪಣಿಗೆ ಕೊನೆಯ ಕೊಂಡಿಯನ್ನು ಜೋಡಿಸುತ್ತದೆ.

ಇಷ್ಟಾದರೂ ಮೇಯುವ ಪ್ರಾಣಿಯು ಹುಲ್ಲಿನ ಶತ್ರುವಲ್ಲ. ಕೃಷ್ಣಮೃಗಗಳ ಹಿಂಡುಗಳೂ ದನಗಳ ಹಿಂಡುಗಳೂ ದಖ್ಖನಿನ ಹುಲ್ಲುಗಾವಲುಗಳಲ್ಲಿ ಶತಶತಮಾನಗಳ ಕಾಲ ಮೇಯ್ದಿವೆ. ಡಬಡಘಾವ್ ಮತ್ತು ಶಂಕರನಾರಾಯಣ್ ಅವರು 1973ರಲ್ಲಿ ಪ್ರಕಟಿಸಿದ ಭಾರತದ ಹುಲ್ಲುಗಾವಲುಗಳ ಸಮೀಕ್ಷೆಯೂ ನಮ್ಮ ಹುಲ್ಲುನೆಲಗಳ ಈಗಿನ ರೂಪದಲ್ಲಿ ಬೆಂಕಿಯ ಹಾಗೂ ಮೇಯುವಿಕೆಯ ಪಾತ್ರವನ್ನು ಗುರುತಿಸುತ್ತದೆ. ಅದಕ್ಕೂ ಅರ್ಧ ಶತಮಾನದ ಹಿಂದೆ, 1920ರ ದಶಕದಲ್ಲಿ, ಮುಂಬಯಿ ಸರಕಾರದ ಸಸ್ಯಶಾಸ್ತ್ರಜ್ಞರಾಗಿದ್ದ ಬರ್ನ್ಸ್ ಅವರು ಕುಲಕರ್ಣಿ, ಗೋಡಬೋಲೆ ಎಂಬ ಸಹೋದ್ಯೋಗಿಗಳೊಡನೆ ಈ ಪ್ರಾಂತದ ಹುಲ್ಲುನೆಲಗಳನ್ನು ಅಭ್ಯಸಿಸಿದ್ದರು. ಆದರೆ ಬಿಡುವಿನ ತತ್ತ್ವವನ್ನು ರಾಜ್ಯವ್ಯವಸ್ಥೆಯಾಗಿ ಆಚರಿಸಿದುದು ಇವರೆಲ್ಲರಿಗಿಂತ ಹಿಂದೆ, ಮೈಸೂರಿನಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಮೊದಲುಗೊಂಡು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ದನಗಳ ಇಲಾಖೆಯು ತನ್ನ ಕಾವಲುಗಳನ್ನು, ಅಂದರೆ ಮೀಸಲು ಹುಲ್ಲುಗಾವಲುಗಳನ್ನು, ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ಮೂರಾಗಿ ವಿಂಗಡಿಸಿತ್ತು. ಕೆರೆಯಂಗಳವೂ ನೆರಳೂ ಇರುವ ಕಾವಲನ್ನು ಬೇಸಿಗೆಗೆ ಮೀಸಲಿಟ್ಟು ಮಳೆಗಾಲದಲ್ಲಿ ಅಲ್ಲಿಗೆ ದನ ಬಿಡದಿದ್ದುದರ ಪರಿಣಾಮವೇನೆಂದರೆ, ಆ ಕಾವಲಿನ ಹುಲ್ಲು ಬೆಳೆಯುವ ಕಾಲದಲ್ಲಿ ಅದಕ್ಕೆ ಬಾಯಿ ತಗುಲುತ್ತಿರಲಿಲ್ಲ. ಸಸ್ಯಶರೀರಶಾಸ್ತ್ರವನ್ನು ಓದದ ಕಾವಲುಗಾರರು ಹುಲ್ಲನ್ನು ಅರಿತಿದ್ದರು. ವರ್ಷಕ್ಕೆ 600 ಮಿಲಿಮೀಟರೂ ಮಳೆಯಾಗದ ಚಳ್ಳಕೆರೆಯಲ್ಲಿ ವಿಸ್ತಾರವಾದ ಕಾವಲುಗಳು ನಮ್ಮ ಕಾಲದವರೆಗೆ ಹುಲ್ಲುಗಾವಲುಗಳಾಗಿಯೇ ಉಳಿದುಬಂದುದಕ್ಕೆ ಈ ಶಿಸ್ತೂ ಒಂದು ಕಾರಣವೆಂದು ನನಗೆ ತೋರುತ್ತದೆ. ಅವನ್ನು ಹಂಚಿ ಮುಗಿಸಿದುದು ದನಗಳಲ್ಲ, ಭೂಮಿಯ ಮೇಲಿನ ಬೇರೆ ಬೇರೆ ಹಸಿವುಗಳು.

ಇನ್ನು ಪುನರುಜ್ಜೀವನದ ಮಾತು. ಬಿಡುವು ದೊರೆತ ನೆಲದಲ್ಲಿ ಮೊದಲು ಮರಳುವುದು ಮರವಲ್ಲ, ಹುಲ್ಲು; ಬುಡಗಳು ಪೂರ್ತಿ ಸತ್ತಿರದಿದ್ದರೆ ಎರಡು ಮೂರು ಮಳೆಗಾಲಗಳಲ್ಲಿ ವ್ಯತ್ಯಾಸವು ಕಣ್ಣಿಗೆ ಬೀಳುತ್ತದೆ. ಹುಲ್ಲಿನ ಬುಡಗಳು ನೀರನ್ನು ತಡೆದು ಮಣ್ಣನ್ನು ಹಿಡಿದ ಮೇಲೆ, ನಾವು ಸತ್ತವೆಂದು ಭಾವಿಸಿದ್ದ ಮರಗಳ ಮೋಟುಗಳು ಚಿಗುರುತ್ತವೆ. ತೇಗ, ಮತ್ತಿ, ಮುತ್ತುಗ, ಕೊಡಸಿಗ ಮುಂತಾದವು ಕಡಿಸಿಕೊಂಡೂ ಮೇಯಿಸಿಕೊಂಡೂ ನೆಲದೊಳಗೆ ಬೇರನ್ನು ಜೀವಂತವಾಗಿ ಇಟ್ಟುಕೊಳ್ಳಬಲ್ಲವು. ಎಷ್ಟೋ ಗುಡ್ಡಗಳಲ್ಲಿ ಮಂಡಿಯೆತ್ತರದ ಪೊದೆಯೆಂದು ಕಾಣುವುದು ದಶಕಗಳಷ್ಟು ವಯಸ್ಸಾದ, ತಲೆಯೆತ್ತಲು ಅವಕಾಶವಿಲ್ಲದ ಮರ. ಆದಕಾರಣ ಬೋಳುಗುಡ್ಡವನ್ನು ಕಂಡೊಡನೆ ಗುಂಡಿ ತೋಡಿ ಸಸಿ ನೆಡಲು ಧಾವಿಸುವುದು, ಒಳಗಿರುವ ಬೇರನ್ನು ಕಡಿದು ಹೊರಗಿನ ಗಿಡವನ್ನು ಇಡುವ ಕೆಲಸವಾಗಬಹುದು.

ಕವಳಿಯ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಬೇಸಿಗೆಯಲ್ಲಿ ಉಪನಗರದ ನಿಲ್ದಾಣಗಳ ಹೊರಗೆ ಆದಿವಾಸಿ ಹೆಣ್ಣುಮಕ್ಕಳು ಎಲೆಯ ದೊನ್ನೆಗಳಲ್ಲಿ ಮಾರುವ ಆ ಕಪ್ಪು ಹಣ್ಣಿನ ಕಂಟಿಯು ಕೆಟ್ಟ ನೆಲದ ಲಕ್ಷಣವೆಂದು ಅನೇಕರು ತಿಳಿಯುತ್ತಾರೆ. ಅದು ಮುಳ್ಳಿನ ಬಲದಿಂದ ದನದ ಬಾಯಿಯಿಂದ ಪಾರಾದುದು ನಿಜ. ಆದರೆ ಅದೇ ಮುಳ್ಳಿನ ಆಶ್ರಯದಲ್ಲಿ, ಹಕ್ಕಿಗಳು ಬೀಳಿಸಿದ ಬೀಜಗಳು ಮೊಳೆತು, ಆಡಿಗೆ ಎಟುಕದ ಎತ್ತರವನ್ನು ಮುಟ್ಟುವವರೆಗೆ ರಕ್ಷಣೆ ಪಡೆಯುತ್ತವೆ. ಕಾಡು ಮರಳುವ ಬಾಗಿಲುಗಳು ಈ ಮುಳ್ಳುಕಂಟಿಗಳೇ. ಅವುಗಳನ್ನು ಕಳೆಯೆಂದು ಸವರಿ ನೆಲವನ್ನು ಸಾಫು ಮಾಡಿದ ಮೇಲೆ ವನಮಹೋತ್ಸವ ನಡೆಸುವವರು ಏನನ್ನು ಕಳೆದುಕೊಂಡರೆಂಬುದನ್ನು ಅರಿಯರು. 1950ರಲ್ಲಿ ಆಗಿನ ಕೇಂದ್ರ ಕೃಷಿ ಮಂತ್ರಿ ಮುನ್ಶಿಯವರು ಆರಂಭಿಸಿದ ಆ ಉತ್ಸವದ ಸದುದ್ದೇಶದಲ್ಲಿ ನನಗೆ ಸಂದೇಹವಿಲ್ಲ. ಕಸದ ರಾಶಿಯಾಗಿದ್ದ ಧಾರಾವಿಯ ಬದಿಯ ಮಿಠಿ ತೀರದ ನೆಲವನ್ನು ಮಹಾರಾಷ್ಟ್ರ ನಿಸರ್ಗ ಉದ್ಯಾನವಾಗಿ ಬೆಳೆಸಿದಂತಹ ಕಾರ್ಯವು ನೆಡುವುದರಿಂದಲ್ಲದೆ ಸಾಧ್ಯವಿರಲಿಲ್ಲ. ಅಲ್ಲಿ ಮರಳಿ ಬರಬಹುದಾದ ಬೇರೇ ಇರಲಿಲ್ಲ. ಬೇರಿರುವ ಗುಡ್ಡಕ್ಕೆ ಅದೇ ಚಿಕಿತ್ಸೆಯನ್ನು ಮಾಡಿ, ಗ್ಲಿರಿಸಿಡಿಯದ ಸಾಲುಗಳನ್ನು ನಿಲ್ಲಿಸಿ ಹಸಿರಾಯಿತೆಂದು ಸಂತೋಷಪಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಎಲ್ಲ ಕೆಡುಕೂ ಬಿಡುವಿನಿಂದ ವಾಸಿಯಾಗುವುದಿಲ್ಲವೆಂಬುದನ್ನೂ ಹೇಳಬೇಕು. ಹಳೆಯ ಸಿದ್ಧಾಂತದ ಪ್ರಕಾರ, ಒತ್ತಡವನ್ನು ತೆಗೆದರೆ ಸಸ್ಯಸಮುದಾಯವು ಇಳಿದ ಮೆಟ್ಟಿಲುಗಳನ್ನೇ ಒಂದೊಂದಾಗಿ ಹತ್ತಿ ಪೂರ್ವಸ್ಥಿತಿಗೆ ಬರುತ್ತದೆ. 1989ರಲ್ಲಿ ವೆಸ್ಟೊಬಿ, ವಾಕರ್, ನಾಯ್-ಮೇಯರ್ ಎಂಬ ವಿಜ್ಞಾನಿಗಳು ಒಣ ನೆಲಗಳ ವಿಷಯದಲ್ಲಿ ಬೇರೊಂದು ವಿಚಾರವನ್ನು ಮಂಡಿಸಿದರು: ನೆಲವು ಹಲವು ಸ್ಥಿರ ಸ್ಥಿತಿಗಳಲ್ಲಿ ನಿಲ್ಲಬಲ್ಲದು, ಒಂದರಿಂದ ಮತ್ತೊಂದಕ್ಕೆ ಜಾರಿದ ಮೇಲೆ ಬರಿಯ ವಿಶ್ರಾಂತಿಯಿಂದ ಹಿಂದಿರುಗಲಾರದು. ನಮ್ಮ ಗುಡ್ಡಗಳ ಲಂಟಾನವು ಇದಕ್ಕೆ ಪ್ರತ್ಯಕ್ಷ ನಿದರ್ಶನ. ಅದರ ಎಲೆಯು ದನದ ಪಿತ್ತಕೋಶಕ್ಕೂ ಯಕೃತ್ತಿಗೂ ವಿಷ, ಅದರ ಹಣ್ಣು ಪಿಕಳಾರಕ್ಕೂ ಗೊರವಂಕಕ್ಕೂ ಪ್ರಿಯ. ಮೇಯುವಿಕೆಯು ಪ್ರತಿಸ್ಪರ್ಧಿಗಳನ್ನು ಕಳೆದುಕೊಟ್ಟ ನೆಲದಲ್ಲಿ ಒಮ್ಮೆ ಅದು ಕಿಕ್ಕಿರಿದರೆ, ದನವನ್ನು ಹೊರಗಿಟ್ಟು ಇಪ್ಪತ್ತು ವರ್ಷ ಕಾದರೂ ಅದರ ಅಡಿಯಲ್ಲಿ ಹುಲ್ಲು ಮೊಳೆಯುವುದು ಕಷ್ಟ. ಅಲ್ಲಿ ಬೇಕಾದುದು ಬೇರುಸಹಿತ ಕಿತ್ತು, ತೆರವಾದ ಜಾಗದಲ್ಲಿ ಅದೇ ಮಳೆಗಾಲದಲ್ಲಿ ಹುಲ್ಲನ್ನು ಬಿತ್ತುವ ಶ್ರಮ.

ಇನ್ನು ಕಾರವಿಯೆಂಬ ಪೊದೆಯ ಮಾತು. ಈ ಗುಡ್ಡಗಳ ಇಳಿಜಾರುಗಳಲ್ಲಿ ಮಣ್ಣನ್ನು ಹಿಡಿದು ನಿಲ್ಲಿಸುವ, ವಾರಲಿಗಳು ಯಾವುದರ ಕಡ್ಡಿಗಳನ್ನು ನಿಲ್ಲಿಸಿ ಸಗಣಿ ಮೆತ್ತಿ ಮನೆಯ ಗೋಡೆ ಮಾಡುತ್ತಾರೋ ಆ ಪೊದೆಯು ಸುಮಾರು ಎಂಟು ವರ್ಷಗಳಿಗೊಮ್ಮೆ ಏಕಕಾಲದಲ್ಲಿ ಅರಳಿ, ಬೀಜ ಕೊಟ್ಟು ಸಾಯುತ್ತದೆ. ಬೋರಿವಲಿಯ ಕಾಡಿನಲ್ಲಿ 2008ರಲ್ಲಿ ಅರಳಿದುದು 2016ರಲ್ಲಿ ಮತ್ತೆ ಅರಳಿತು. ಹೂವನ್ನು ನೋಡಲು ಜನ ಬರುತ್ತಾರೆ, ಬರಲಿ. ಆದರೆ ಆ ಸಸ್ಯದ ಭವಿಷ್ಯವು ನಿರ್ಧಾರವಾಗುವುದು ಬೀಜಗಳು ಒಟ್ಟಿಗೆ ಮೊಳೆಯುವ ಅದರ ನಂತರದ ಮಳೆಗಾಲದಲ್ಲಿ. ಆಗ ಇಳಿಜಾರಿನ ಮೇಲೆ ಹಿಂಡು ನಡೆದರೆ, ಅದರ ಹಿಂದಣ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ, ಒಂದು ಇಡೀ ಪೀಳಿಗೆಯೇ ತೆಳುವಾಗುತ್ತದೆ. ಪ್ರತಿ ವರ್ಷವೂ ಒಂದೇ ಬಗೆಯ ನಿಯಮವನ್ನು ವಿಧಿಸುವ ಆಡಳಿತಕ್ಕೆ ಇಂತಹ ವರ್ಷಗಳ ವಿಶೇಷವು ತಿಳಿದಿರುವುದು ಅಗತ್ಯ.

ಸಂಪೂರ್ಣ ನಿಷೇಧವೇ ಸುರಕ್ಷಿತ ಮಾರ್ಗವಲ್ಲವೇ ಎಂದು ಕೇಳುವವರಿಗೆ ಭರತಪುರದ ಕಥೆಯನ್ನು ನೆನಪಿಸಬೇಕು. 1982ರಲ್ಲಿ ಅಲ್ಲಿಯ ಕೇವಲಾದೇವ ಪಕ್ಷಿ ಉದ್ಯಾನದಲ್ಲಿ ಎಮ್ಮೆಗಳ ಮೇಯುವಿಕೆಯನ್ನು ಒಮ್ಮೆಲೇ ನಿಷೇಧಿಸಲಾಯಿತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಗೋಲಿಬಾರಾಗಿ ಪ್ರಾಣಗಳು ಹೋದವು. ಅನಂತರ ನಮ್ಮ ಮುಂಬಯಿಯದೇ ಸಂಸ್ಥೆಯಾದ, 1883ರಲ್ಲಿ ಸ್ಥಾಪಿತವಾದ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ವರ್ಷಗಳ ಕಾಲ ಅಭ್ಯಾಸ ಮಾಡಿ ಕಂಡುದೇನೆಂದರೆ, ಎಮ್ಮೆಗಳಿಲ್ಲದ ಜೌಗಿನಲ್ಲಿ ನೀರುಹುಲ್ಲು ಮಿತಿಮೀರಿ ಬೆಳೆದು ಹಕ್ಕಿಗಳ ನೆಲೆಯನ್ನೇ ಮುಚ್ಚತೊಡಗಿತ್ತು. ಜೌಗಿನ ನ್ಯಾಯವು ಒಣ ಗುಡ್ಡಕ್ಕೆ ಯಥಾವತ್ತಾಗಿ ಅನ್ವಯಿಸದು, ನಿಜ. ಆದರೂ ಯಾವ ನೆಲವು ಯಾವ ಬಾಯಿಗೆ ಒಗ್ಗಿಕೊಂಡಿದೆ ಎಂಬುದನ್ನು ವಿಚಾರಿಸದೆ ಹೊರಡಿಸಿದ ಆಜ್ಞೆಯು ಮನುಷ್ಯನಿಗೂ ಹಕ್ಕಿಗೂ ಏಕಕಾಲದಲ್ಲಿ ಅನ್ಯಾಯ ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯವನ್ನು ನಾನು ಅರಿಯೆ.

ಇದಕ್ಕೆ ಪ್ರತಿಯಾಗಿ, ಜನರೇ ವಿಧಿಸಿಕೊಂಡ ಬಿಡುವಿನ ಫಲವನ್ನು ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ರಾಳೇಗಣ ಸಿದ್ಧಿ ಮತ್ತು ಹಿವರೇ ಬಾಜಾರಗಳಲ್ಲಿ ನೋಡಬಹುದು. ಅಲ್ಪವೃಷ್ಟಿಯ ಆ ಊರುಗಳಲ್ಲಿ ಗ್ರಾಮಸಭೆಯು ‘ಚರಾಈ ಬಂದಿ’ಯನ್ನು, ಅಂದರೆ ಗುಡ್ಡದ ಮೇಲೆ ದನ ಬಿಡಬಾರದೆಂಬ ನಿಯಮವನ್ನು, ಅಂಗೀಕರಿಸಿತು, ಆದರೆ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಮನೆಗೊಯ್ಯುವುದನ್ನು ನಿಷೇಧಿಸಲಿಲ್ಲ. 1970ರ ದಶಕದಲ್ಲಿ ಚಂಡೀಗಢದ ಸುಖನಾ ಸರೋವರದಲ್ಲಿ ಹೂಳು ತುಂಬುವುದಕ್ಕೆ ಕಾರಣವನ್ನು ಹುಡುಕುತ್ತ ಹೊರಟ ಮಣ್ಣು ಸಂರಕ್ಷಣೆಯ ತಜ್ಞ ಪಿ. ಆರ್. ಮಿಶ್ರಾ ಅವರು ಸುಖೋಮಾಜರಿ ಎಂಬ ಹಳ್ಳಿಯ ಆಡುಗಳು ಮೇಯ್ದ ಗುಡ್ಡಗಳನ್ನು ತಲಪಿದರು. ಅಲ್ಲಿ ತಂತಿಬೇಲಿ ಹಾಕಲಿಲ್ಲ; ಸಣ್ಣ ಒಡ್ಡುಗಳನ್ನು ಕಟ್ಟಿ, ಅವುಗಳ ನೀರಿನಲ್ಲಿ ಭೂಮಿಯಿಲ್ಲದವರಿಗೂ ಪಾಲು ಕೊಟ್ಟು, ಗುಡ್ಡವನ್ನು ಕಾಯುವುದರಲ್ಲಿ ಪ್ರತಿ ಮನೆಗೂ ಲಾಭವಿರುವಂತೆ ಏರ್ಪಡಿಸಿದರು. ಆಡುಗಳು ಕಡಿಮೆಯಾಗಿ ಕೊಟ್ಟಿಗೆಯ ಎಮ್ಮೆಗಳು ಹೆಚ್ಚಿದವು.

ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕುವ ಈ ಕ್ರಮವನ್ನು ಮುಂಬಯಿಯು ಅದಕ್ಕೂ ಬಹಳ ಮುಂಚೆ ಬೃಹತ್ ಪ್ರಮಾಣದಲ್ಲಿ ಮಾಡಿ ತೋರಿಸಿತ್ತೆಂಬುದನ್ನು ನಾವು ಮರೆತಿದ್ದೇವೆ. ದಾರಾ ಖುರೋಡಿಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ನೆಹರೂ ಅವರಿಂದ ಉದ್ಘಾಟಿತವಾದ ಆರೇಯಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ಎಕರೆಗಳ ನಡುವೆ ಸುಮಾರು 16,000 ಎಮ್ಮೆಗಳಿಗೆ ಸ್ಥಳ ಕಲ್ಪಿಸಲಾಗಿತ್ತು. ಅವು ಗುಡ್ಡದಲ್ಲಿ ಅಲೆಯದೆ ತಬೇಲಾದಲ್ಲಿ ನಿಂತು, ಕಾಲನಿಯಲ್ಲೇ ನೀರುಣಿಸಿ ಬೆಳೆದ ಪ್ಯಾರಾ ಹುಲ್ಲನ್ನೂ ಹೊರಗಿನಿಂದ ತರಿಸಿದ ಮೇವನ್ನೂ ತಿಂದವು. ಅಷ್ಟು ದನಗಳು ಬಂದರೂ ಆ ಕಣಿವೆಯಲ್ಲಿ ಮರಗಳು ಉಳಿದುವೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ ತಬೇಲಾದ ವ್ಯವಸ್ಥೆಯು ಗುಡ್ಡದ ಹುಲ್ಲನ್ನು ತನ್ನ ಲೆಕ್ಕದೊಳಗೆ ತೆಗೆದುಕೊಳ್ಳಲಿಲ್ಲ. ಯಾರಿಗೂ ಬೇಡವಾದ ಹುಲ್ಲು ಒಣಗಿ ಬೆಂಕಿಗೆ ಆಹುತಿಯಾಗುತ್ತದೆ, ಇಲ್ಲವೆ ಬೀದಿಗೆ ಬಿಟ್ಟ ದನಗಳ ಪಾಲಾಗುತ್ತದೆ.

ಆ ಹುಲ್ಲನ್ನೂ ಲೆಕ್ಕಕ್ಕೆ ತರಲು ನನ್ನ ಸಲಹೆಯಿದು: ಮೊದಲ ಮಳೆಯಿಂದ ದಸರೆಯವರೆಗೆ ಆರೇಯ ಹಾಗೂ ಉದ್ಯಾನದಂಚಿನ ಇಳಿಜಾರುಗಳಲ್ಲಿ ಯಾವ ದನವೂ ಕಾಲಿಡದಂತೆ ನೋಡಿಕೊಂಡು, ಬೀಜವುದುರಿದ ಮೇಲೆ ಹುಲ್ಲನ್ನು ಕೊಯ್ಯುವ ಹಕ್ಕನ್ನು ಅಲ್ಲಿಯ ಪಾಡಾಗಳ ಜನರಿಗೆ ಕೊಟ್ಟು, ದೂರದಿಂದ ಒಣಮೇವನ್ನು ಲಾರಿಗಳಲ್ಲಿ ತರಿಸುವ ತಬೇಲಾಗಳು ಅದನ್ನು ಕೊಳ್ಳುವಂತೆ ಮಾಡಿದರೆ, ಬೇಸಿಗೆಯ ಬೆಂಕಿಗೆ ಉರಿಯಲು ಹುಲ್ಲಿರುವುದಿಲ್ಲ, ಗುಡ್ಡವನ್ನು ಕಾಯಲು ಕಾರಣವಿರುತ್ತದೆ. ಇದರಲ್ಲಿ ಒಂದು ಅಪಾಯವುಂಟು, ಅದನ್ನು ಮರೆಮಾಚಬಾರದು. ಠಾಣೆ ಜಿಲ್ಲೆಯ ಹುಲ್ಲು ಮುಂಬಯಿಯ ದನಗಳಿಗೆ ಹಿಂದೆಯೂ ಬರುತ್ತಿತ್ತು. ಅದನ್ನು ಕೊಯ್ಯುತ್ತಿದ್ದವರು ವಾರಲಿಗಳು, ಲಾಭ ಜಮೀನುದಾರರದು. 1945ರಲ್ಲಿ ಉಂಬರಗಾಂವ್ ಮತ್ತು ಡಹಾಣು ತಾಲೂಕುಗಳ ವಾರಲಿಗಳು ಗೋದಾವರಿ ಪರುಳೇಕರ ಅವರ ನೇತೃತ್ವದಲ್ಲಿ ಸಂಘಟಿತರಾಗಿ, 500 ಪೌಂಡು ಹುಲ್ಲನ್ನು ಕೊಯ್ದುದಕ್ಕೆ ಎರಡೂವರೆ ರೂಪಾಯಿ ಕೂಲಿ ಬೇಕೆಂದು ಕೇಳಿ ಕುಡುಗೋಲನ್ನು ಕೆಳಗಿಟ್ಟರು; ಆ ವರ್ಷದ ಅಕ್ಟೋಬರಿನಲ್ಲಿ ತಲವಾಡದಲ್ಲಿ ಅವರ ಮೇಲೆ ಗುಂಡು ಹಾರಿತು. ಆದುದರಿಂದ ಇಂದು ಬಿಡುವಿನ ನಿಯಮವನ್ನು ಬರೆಯುವವರು ಹುಲ್ಲಿನ ದರವನ್ನು ನಿರ್ಧರಿಸುವ ಅಧಿಕಾರವನ್ನು ಗುತ್ತಿಗೆದಾರನಿಗಾಗಲಿ ಇಲಾಖೆಗಾಗಲಿ ಬಿಡದೆ ಪಾಡಾದ ಸಭೆಗೇ ಒಪ್ಪಿಸಿ, ಮೇಯಿಸುವ ಕಾಲ, ಕೊಯ್ಯುವ ಕಾಲ, ಕಾರವಿಯ ವರ್ಷದ ವಿಶೇಷ ಕಟ್ಟಳೆ ಇವುಗಳನ್ನೂ ಅದೇ ಸಭೆಯಲ್ಲಿ ಸಸ್ಯಶಾಸ್ತ್ರಜ್ಞರ ಸಮಕ್ಷಮದಲ್ಲಿ ತೀರ್ಮಾನಿಸತಕ್ಕದ್ದು.